ಪೆಟ್ರೋಲ ಪಂಪಿನಲ್ಲಿ ‘ಸ್ವಯಂಸೇವೆ’: ಒಂದು ಖಂಡನ

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಕಲಿತು, ಮೂವತ್ತು ವರ್ಷಗಳಿಗೆ ಮಿಗಿಲಾಗಿ ಮಕ್ಕಳಿಗೆ ಅಕ್ಷರ ಹೇಳಿ, ಈಗ ಮನೆಯ ಕಟ್ಟೆಯ ಮೇಲೆ ಕುಳಿತಿರುವ ನನ್ನಂಥ ಮುದುಕನು ಪೆಟ್ರೋಲ ಪಂಪಿನ ವಿಷಯವಾಗಿ ಲೇಖನಿ ಹಿಡಿಯುವದು ಕೆಲವರಿಗೆ ನಗೆಯನ್ನು ತಂದೀತು. ಆದರೆ ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಸುಶಿಕ್ಷಿತರಾದ ಓರ್ವ ತರುಣರು, ಜಮಖಂಡಿ ಮುಧೋಳಗಳ ಪಂಪುಗಳಲ್ಲಿ ಎಣ್ಣೆ ಹಾಕುವ ಹುಡುಗರನ್ನೆಲ್ಲ ತೆಗೆದುಹಾಕಿ, ಬಂದವನು ತನ್ನ ಗಾಡಿಗೆ ತಾನೇ ಹಾಕಿಕೊಂಡು ಹೋಗುವ ಪದ್ಧತಿಯನ್ನು ತರಬೇಕೆಂದು ಆವೇಶದಿಂದ ಪ್ರತಿಪಾದಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಅಂದು ಸುಮ್ಮನಿದ್ದದ್ದು ನನ್ನ ತಪ್ಪು. ಆ ತಪ್ಪಿಗೆ ಈ ಲೇಖನವೇ ಪ್ರಾಯಶ್ಚಿತ್ತವು.

ಪ್ರತಿವಾದಿಯ ಮತವನ್ನು ಸರಿಯಾಗಿ ಹೇಳದೆ ಖಂಡಿಸುವದು ಶಾಸ್ತ್ರಸಮ್ಮತವಲ್ಲ. ಆದಕಾರಣ ಪೂರ್ವಪಕ್ಷವನ್ನು ಮೊದಲು ಮಂಡಿಸುವೆನು. ಒಂದನೆಯದು: ಸೇವಕರಿಲ್ಲದಿದ್ದರೆ ಖರ್ಚು ಉಳಿದು ಎಣ್ಣೆಯ ದರವು ಇಳಿಯುವದು. ಎರಡನೆಯದು: ಯಂತ್ರವು ಬಂದಲ್ಲಿ ಮನುಷ್ಯನು ಸರಿಯುವದು ಕಾಲಧರ್ಮವು, ರಬಕವಿ ಬನಹಟ್ಟಿಗಳಲ್ಲಿ ಕೈಮಗ್ಗವನ್ನು ವಿದ್ಯುನ್ಮಗ್ಗವು ಸರಿಸಲಿಲ್ಲವೇ? ಮೂರನೆಯದು: ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವದು ಸ್ವಾವಲಂಬನವು. ನಾಲ್ಕನೆಯದು: ಪಂಪಿನವರು ಅಳತೆಯಲ್ಲಿ ಮೋಸ ಮಾಡುವರು, ನಳಿಗೆಯು ನಮ್ಮ ಕೈಯಲ್ಲಿದ್ದರೆ ಆ ಭಯವಿಲ್ಲ. ಈ ನಾಲ್ಕೂ ಮಾತುಗಳು ಕೇಳಲಿಕ್ಕೆ ಇಂಪಾಗಿವೆ. ವಿಚಾರಿಸಿ ನೋಡಿದರೆ ಮಾತ್ರ ನಿಲ್ಲುವದಿಲ್ಲ.

ಮೊದಲು ಹೆಸರನ್ನೇ ನೋಡೋಣ. ಸೇವೆಯೆಂದ ಮೇಲೆ ಸೇವಿಸುವವನೊಬ್ಬನು, ಸೇವೆಯನ್ನು ಪಡೆಯುವವನೊಬ್ಬನು ಇರಬೇಕು. ಇಬ್ಬರೂ ಒಬ್ಬನೇ ಆದಲ್ಲಿ ಸೇವೆಯೆಂಬುದೇ ಇಲ್ಲ. ನಮ್ಮಲ್ಲಿ ಸ್ವಯಂಸೇವಕನೆಂದರೆ ಜಾತ್ರೆಯಲ್ಲಿ, ಪ್ರವಾಹದಲ್ಲಿ ಕೂಲಿಯನ್ನು ಬೇಡದೆ ಪರರಿಗೆ ದುಡಿಯುವವನು. ಇಲ್ಲಿಯಾದರೋ ಕೂಲಿಯಿಲ್ಲದೆ ದುಡಿಯುವವನು ಹಣ ಕೊಟ್ಟ ಗಿರಾಕಿಯೇ. ದುಡಿಮೆಯ ಫಲವು ಸೇರುವದು ವ್ಯಾಪಾರಿಯ ಗಲ್ಲೆಗೆ. ಇಂಥದಕ್ಕೆ ಸೇವೆಯೆಂಬ ಪವಿತ್ರ ಪದವನ್ನು ಅಂಟಿಸಿದ್ದು ಶಬ್ದಕ್ಕೆ ಮಾಡಿದ ಅಪಚಾರವು.

ಇನ್ನು ದರದ ಮಾತು. ನಮ್ಮ ದೇಶದಲ್ಲಿ 90 ಸಾವಿರಕ್ಕೂ ಹೆಚ್ಚು ಪಂಪುಗಳಿರುವವು; ಅವುಗಳಲ್ಲಿ ಬಹುತೇಕ ಎಲ್ಲವೂ ತೈಲ ಕಂಪನಿಗಳ ಹೆಸರಿನಲ್ಲಿ ವ್ಯಾಪಾರಿಗಳು ನಡೆಯಿಸುವಂಥವು. ಮಾರುವ ದರವನ್ನು ಗೊತ್ತುಪಡಿಸುವವರು ಕಂಪನಿಗಳವರು. 2017ನೆಯ ಜೂನ 16ರಿಂದ ದೇಶದಲ್ಲೆಲ್ಲ ಆ ದರವನ್ನು ದಿನಂಪ್ರತಿ ಪರಿಷ್ಕರಿಸುವ ಪದ್ಧತಿಯು ಜಾರಿಗೆ ಬಂದಿತು. ವ್ಯಾಪಾರಿಗೆ ಲೀಟರಿಗಿಷ್ಟೆಂದು ನಿಯತವಾದ ಕಮಿಶನ್ನು ದೊರೆಯುವದು. ಹೀಗಿರುವಲ್ಲಿ ನಾಲ್ಕು ಹುಡುಗರ ಪಗಾರವು ಉಳಿದರೆ ಅದು ಸೇರುವದೆಲ್ಲಿ? ಗಿರಾಕಿಯ ಕಿಸೆಗಂತೂ ಅಲ್ಲ. ಅಮೇರಿಕೆಯ ಆರೆಗಾನ ಸಂಸ್ಥಾನದವರು 1951ರಿಂದ ಇದ್ದ ನಿಷೇಧವನ್ನು 2023ರಲ್ಲಿ ಸಡಿಲಿಸಿದಾಗಲೂ, ಹೆಚ್ಚು ಜನವಸತಿಯ ಭಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಳಿಗೆಗಳನ್ನು ಸೇವಕರಿಲ್ಲದೆ ಇಡಕೂಡದೆಂದೂ, ಎರಡು ಬಗೆಗೂ ಒಂದೇ ದರವಿರತಕ್ಕದ್ದೆಂದೂ ಕಟ್ಟು ಮಾಡಿದರು. ದರವು ಇಳಿಯುವದೆಂಬ ಆಸೆಗೆ ಅಲ್ಲಿಯೇ ಆಧಾರವಿಲ್ಲದಿರುವಾಗ ಇಲ್ಲಿ ಎಲ್ಲಿಂದ ಬಂದೀತು?

ಮುಂದುವರಿದ ರಾಷ್ಟ್ರಗಳೆಲ್ಲವೂ ಈ ಪದ್ಧತಿಯನ್ನು ಒಪ್ಪಿರುವವೆಂದು ತರುಣರು ಹೇಳಿದರು. ಅದೂ ಪೂರ್ಣ ಸತ್ಯವಲ್ಲ. ಅದೇ ಅಮೇರಿಕೆಯ ನ್ಯೂ ಜರ್ಸಿ ಸಂಸ್ಥಾನದಲ್ಲಿ 1949ರ ಕಾನೂನಿನ ಮೇರೆಗೆ ಇಂದಿಗೂ ಗಿರಾಕಿಯು ನಳಿಗೆಯನ್ನು ಮುಟ್ಟಕೂಡದು. ಬ್ರಾಝಿಲ ದೇಶದವರು 2000ನೆಯ ಇಸವಿಯಲ್ಲಿ ಕಾನೂನು ಮಾಡಿ ದೇಶದಲ್ಲೆಲ್ಲ ಇದನ್ನು ನಿಷೇಧಿಸಿದರು. ಜಪಾನದವರು 1998ರ ವರೆಗೆ ಇದಕ್ಕೆ ಸಮ್ಮತಿಯನ್ನೇ ಕೊಟ್ಟಿರಲಿಲ್ಲ. ಕೊಟ್ಟ ಮೇಲೂ ಒಳಗೆ ಅರ್ಹನಾದ ಕಾವಲುಗಾರನು ಕುಳಿತು ನೋಡುತ್ತಿರಬೇಕೆಂದು ವಿಧಿಸಿದರು. ಕೂಲಿಯಾಳು ದೊರೆಯದ ದೇಶದಲ್ಲಿ ಇದು ಆಪದ್ಧರ್ಮವಾಗಬಹುದು. ಅದನ್ನು ನಾನು ಅಲ್ಲಗಳೆಯೆನು. ಆದರೆ ಕಲಿತ ಹುಡುಗರು ಕೆಲಸವಿಲ್ಲದೆ ಬಸ್ಸು ಹತ್ತಿ ಪುಣೆ ಬೆಂಗಳೂರುಗಳಿಗೆ ಹೋಗುವ ಈ ತಾಲೂಕುಗಳಲ್ಲಿ ಕೂಲಿಯ ಅಭಾವವೆಂಬ ಕಾರಣವು ಎಲ್ಲಿಯದು? ಒಬ್ಬನ ರೋಗಕ್ಕೆ ಕೊಟ್ಟ ಔಷಧವನ್ನು ಆರೋಗ್ಯವಂತನು ಕುಡಿಯುವದು ಜಾಣತನವಲ್ಲ.

ವಿದ್ಯುನ್ಮಗ್ಗದ ದೃಷ್ಟಾಂತವು ಮೇಲ್ನೋಟಕ್ಕೆ ಬಲವಾಗಿ ಕಾಣುವದು. ಆದರೆ ದೃಷ್ಟಾಂತ ದಾರ್ಷ್ಟಾಂತಿಕಗಳಿಗೆ ಸಾಮ್ಯವಿರಬೇಕು. ಮಗ್ಗದ ಯಂತ್ರವು ನೇಕಾರನ ಕೈಕಾಲುಗಳ ಕೆಲಸವನ್ನು ತಾನು ಮಾಡಿತು. ಅದರಿಂದ ಅನೇಕರಿಗೆ ಕಷ್ಟವಾದದ್ದು ನಿಜ, ಆದರೆ ಸೀರೆಯನ್ನು ನೇಯ್ದದ್ದು ಯಂತ್ರವು. ಪಂಪಿನಲ್ಲಿ ಹಾಗಿಲ್ಲ. ಎಣ್ಣೆಯನ್ನು ಎತ್ತುವ ಯಂತ್ರವು ಈಗಲೂ ಇರುವದು. ಸೇವಕನು ಹೋದ ಮೇಲೆ ಮುಚ್ಚಳ ತೆಗೆಯುವ, ನಳಿಗೆ ಹಿಡಿಯುವ, ಹಣ ಸಲ್ಲಿಸುವ ಕೆಲಸವೆಲ್ಲ ಇದ್ದಂತೆಯೇ ಇರುವದು. ಪಗಾರದ ಕೈಯಿಂದ ಪುಕ್ಕಟೆಯ ಕೈಗೆ ಅದು ದಾಟುವದಷ್ಟೇ. ಯಂತ್ರವು ಉಳಿಸಿದ್ದು ಶ್ರಮವನ್ನಲ್ಲ, ಕೂಲಿಯನ್ನು. ಇದನ್ನು ಪ್ರಗತಿಯೆಂದು ಕರೆಯುವವರು, ನಾಳೆ ಖಾನಾವಳಿಯಲ್ಲಿ ರೊಟ್ಟಿಯನ್ನು ನಾವೇ ಬಡಿದುಕೊಂಡು ಪೂರ್ಣ ಹಣ ಕೊಡಬೇಕೆಂದರೂ ಚಪ್ಪಾಳೆ ತಟ್ಟುವರೇ?

ಸ್ವಾವಲಂಬನದ ಪಾಠವನ್ನು ಜಮಖಂಡಿಯವರಿಗೆ ಯಾರೂ ಹೇಳಬೇಕಾದದ್ದಿಲ್ಲ. ಸರಕಾರದ ದಾರಿ ಕಾಯದೆ, ದಿ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯ ಬ್ಯಾರೇಜನ್ನು 1989ರಲ್ಲಿ ಕಟ್ಟಿದವರು ಇಲ್ಲಿಯ ರೈತರೇ. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಸಾರ್ಥಕವಾಗಿ ಬಂದಿರುವದು. ಆದರೆ ಅಲ್ಲಿ ಸಾವಿರಾರು ಕೈಗಳು ಕೂಡಿ ಎಲ್ಲರ ಹೊಲಗಳಿಗೆ ನೀರು ತಂದವು. ಒಬ್ಬೊಬ್ಬನೂ ತನ್ನ ಕೊಡಕ್ಕೆ ತಾನೇ ನೀರು ಹೊತ್ತಿದ್ದರೆ ಬ್ಯಾರೇಜು ಏಳುತ್ತಿತ್ತೇ? ಕೂಡಿ ದುಡಿಯುವದು ಸ್ವಾವಲಂಬನವು. ಪಕ್ಕದವನ ಅನ್ನವನ್ನು ತೆಗೆದು ಒಂಟಿಯಾಗಿ ದುಡಿಯುವದಕ್ಕೆ ಆ ಹೆಸರು ಸಲ್ಲದು.

ಮೋಸದ ಆಕ್ಷೇಪವನ್ನು ನಾನು ಹಗುರಾಗಿ ಕಾಣುವದಿಲ್ಲ. ಒಮ್ಮೆ ಒಂದು ಪಂಪಿನಲ್ಲಿ ಮಾತಿಗೆಳೆದು, ಅಂಕಿಯನ್ನು ಶೂನ್ಯಕ್ಕೆ ತರದೆ ನನಗೂ ಕಡಿಮೆ ಹಾಕಿದ್ದರು. ಆದರೆ ದೊಡ್ಡ ಮೋಸವು ಅಡಗಿರುವದು ಹುಡುಗನ ಕೈಯಲ್ಲಲ್ಲ, ಯಂತ್ರದ ಹೊಟ್ಟೆಯಲ್ಲಿ. 2017ರಲ್ಲಿ ಲಖನೌ ಪಟ್ಟಣದ ಪಂಪುಗಳಲ್ಲಿ ಪೋಲೀಸರು ಯಂತ್ರದೊಳಗೆ ಹುದುಗಿಸಿದ ಚಿಪ್ಪುಗಳನ್ನು ಹಿಡಿದರು. ಅಂಥ ಯಂತ್ರದ ನಳಿಗೆಯನ್ನು ನಾವೇ ಹಿಡಿದರೆ ಆಗುವ ಲಾಭವೇನು? ಮೋಸ ಹೋಗುವದರ ಸಂಗಡ ನಮ್ಮ ಕೈಗೂ ಎಣ್ಣೆ ಹತ್ತುವದು. ಇದಕ್ಕೆ ಮದ್ದು ಬೇರೆ ಇರುವದು. ತೂಕ ಅಳತೆಯ ಖಾತೆಯವರ ಮುದ್ರೆಯುಳ್ಳ ಐದು ಲೀಟರಿನ ಅಳತೆಪಾತ್ರೆಯನ್ನು ಪ್ರತಿ ಪಂಪಿನಲ್ಲಿಯೂ ಇಡತಕ್ಕದ್ದು. ಗಿರಾಕಿಯು ಕೇಳಿದರೆ ಅದರಲ್ಲಿ ಅಳೆದು ತೋರಿಸತಕ್ಕದ್ದು. ನಮ್ಮಲ್ಲಿ ಎಷ್ಟು ಜನರು ಇದನ್ನು ಕೇಳಿರುವೆವು? ಹಕ್ಕನ್ನು ಕೇಳಲು ಸಂಕೋಚಪಡುವವರು ಹುಡುಗನನ್ನು ತೆಗೆಯಬೇಕೆನ್ನಲು ಮಾತ್ರ ಸಂಕೋಚಪಡುವದಿಲ್ಲ!

ಈ ಪದ್ಧತಿಯನ್ನು ನಾನು ಕಣ್ಣಾರೆ ಕಂಡವನು. ಕೆಲವು ವರ್ಷಗಳ ಹಿಂದೆ ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದೆನು. ಜನೆವರಿ ತಿಂಗಳ ಒಂದು ಸಂಜೆ, ತುಂಬು ಗರ್ಭಿಣಿಯಾದ ಸೊಸೆಯು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತ ದಾರಿಯಲ್ಲಿ ಎಣ್ಣೆಗಾಗಿ ನಿಲ್ಲಿಸಿದಳು. ಹಿಮಗಾಳಿಯು ಬೀಸುತ್ತಿತ್ತು. “ಮಾವಾರ, ನೀವು ಒಳಗ ಕೂಡ್ರಿ, ಥಂಡಿ ಭಾಳ ಐತಿ” ಎಂದು ಹೇಳಿ ತಾನೇ ಇಳಿದು, ನಡುಗುವ ಕೈಯಿಂದ ಉಕ್ಕಿನ ನಳಿಗೆಯನ್ನು ಹಿಡಿದು ನಿಂತಳು. ಅಂಗಡಿಯವನು ಗಾಜಿನ ಹಿಂದೆ ಬೆಚ್ಚಗೆ ಕುಳಿತು ನೋಡುತ್ತಿದ್ದನು. ನನಗಾದರೋ ಆ ಯಂತ್ರದ ಕ್ರಮವು ತಿಳಿಯದು. ಮುದುಕನು ಕಾರಿನೊಳಗೆ ಕುಳಿತು ನಾಚಿಕೊಂಡೆನು. ಮರುವಾರ ಡೆಲವೇರ ನದಿಯನ್ನು ದಾಟಿ ನ್ಯೂ ಜರ್ಸಿಗೆ ಹೋದಾಗ ವೃದ್ಧನಾದ ಸೇವಕನೊಬ್ಬನು ತಾನಾಗಿ ಬಂದು ಎಣ್ಣೆ ಹಾಕಿದನು, ಸೊಸೆಯು ಕೆಳಗಿಳಿಯಲಿಲ್ಲ. ನಡುವೆ ಒಂದು ನದಿ. ಈ ದಂಡೆಗೂ ಆ ದಂಡೆಗೂ ಇರುವ ಅಂತರವು ಒಂದು ಕಾನೂನಿನದು. ಆ ದೇಶದಲ್ಲಿ ಅಂಗವಿಕಲರು ಕೇಳಿಕೊಂಡರೆ ಎಣ್ಣೆ ಹಾಕಿಕೊಡಬೇಕೆಂದು 1990ರ ಕಾನೂನಿನ ಮೇರೆಗೆ ನಿಯಮವಿರುವದು. ಆದರೆ ಅಂಗಡಿಯಲ್ಲಿ ಒಬ್ಬನೇ ಆಳು ಇದ್ದಲ್ಲಿ ಆ ಕಟ್ಟಿಲ್ಲ. ಆಳುಗಳನ್ನು ಕಡಿಮೆ ಮಾಡುವದೇ ಪದ್ಧತಿಯ ಉದ್ದೇಶವಾದ ಮೇಲೆ ಆ ನಿಯಮದ ಗತಿಯನ್ನು ವಾಚಕರೇ ಊಹಿಸಬೇಕು.

ಪಂಪಿನ ಹುಡುಗನ ಕೆಲಸವು ನಳಿಗೆ ಹಿಡಿಯುವದಷ್ಟೇ ಎಂಬುದೂ ಭ್ರಮೆಯು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆದುಕೊಂಡು ಬಂದ ಟ್ರ್ಯಾಕ್ಟರುಗಳು ನಡುರಾತ್ರಿಯಲ್ಲಿ ಸಾಲು ನಿಲ್ಲುವವು. ಆಗ ಬೀಡಿ ಹಚ್ಚಿದವನನ್ನು ಗದರಿಸುವವನು, ನಿದ್ದೆಗಣ್ಣಿನ ಚಾಲಕನಿಗೆ ಮುಖ ತೊಳೆದುಕೊಂಡು ಹೋಗೆನ್ನುವವನು, ಡಿಝೆಲ ಗಾಡಿಗೆ ಪೆಟ್ರೋಲ ಬೀಳದಂತೆ ನೋಡುವವನು, ಪ್ಲ್ಯಾಸ್ಟಿಕ ಬಾಟಲಿಯನ್ನು ಹಿಡಿದು ಬಂದ ಪೋರನನ್ನು ಹಿಂದಿರುಗಿಸುವವನು ಇವನೇ. ಪೆಟ್ರೋಲಿನ ಆವಿಯು ಬಿಸಿಲನ್ನು ಕಾಯದೆ ಕೊರೆಯುವ ಚಳಿಯಲ್ಲಿಯೂ ಕಿಡಿಗೆ ಹತ್ತಿಕೊಳ್ಳುವಂಥದು. ಅದರ ಮುಂದೆ ಕಾವಲಿಲ್ಲದಿರುವದು ಯೋಗ್ಯವೇ? ನಮ್ಮೂರ ಪಂಪಿನಲ್ಲಿ, ಏಳನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನೊಬ್ಬನು ಇರುವನು. ಲೆಕ್ಕದಲ್ಲಿ ಚುರುಕಾಗಿದ್ದನು, ತಂದೆಯು ತೀರಿಹೋದದ್ದರಿಂದ ಶಾಲೆಯನ್ನು ಬಿಟ್ಟನು. ನನ್ನ ಹಳೆಯ ಸ್ಕೂಟರು ನಿಂತ ಕೂಡಲೆ, “ಗುರುಗಳ, ಝೀರೋ ನೋಡ್ರಿ” ಎಂದು ಪ್ರತಿ ಸಲವೂ ಹೇಳುವನು. ಆ ಮಾತನ್ನು ಕೇಳಿದಾಗ ನಾನು ಕಲಿಸಿದ ಲೆಕ್ಕವು ವ್ಯರ್ಥವಾಗಲಿಲ್ಲವೆಂದು ಸಮಾಧಾನವಾಗುವದು. ಅವನ ಪಗಾರದ ಮೇಲೆ ಮನೆಯಲ್ಲಿ ನಾಲ್ವರು ಉಣ್ಣುವರು.

ಆದ್ದರಿಂದ ಸಿದ್ಧಾಂತವಿದು. ಈಗಿದ್ದದ್ದೇ ಸರಿಯೆಂದು ನಾನು ಹೇಳುವದಿಲ್ಲ. ದಿನವೆಲ್ಲ ಬಿಸಿಲಿನಲ್ಲಿ ನಿಂತು ಎಣ್ಣೆಯ ಆವಿಯನ್ನು ಉಸಿರಾಡುವವನಿಗೆ ನ್ಯಾಯವಾದ ಪಗಾರ, ಕೂಡ್ರಲು ಒಂದು ಆಸನ, ಬೆಂಕಿ ಆರಿಸುವ ಶಿಕ್ಷಣ, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಇವಿಷ್ಟು ದೊರೆಯಲೇಬೇಕು. ಮೋಸ ಮಾಡುವ ಮಾಲೀಕನಿಗೆ ದಂಡವಾಗಬೇಕು. ಗಿರಾಕಿಯು ಏಕವಚನವನ್ನೂ ಸಿಡುಕನ್ನೂ ಬಿಟ್ಟು, ಅಳತೆಯನ್ನು ನಿರ್ಭಯವಾಗಿ ಕೇಳಬೇಕು. ಇಷ್ಟನ್ನು ಮಾಡಿ ನೋಡದೆ ಹುಡುಗನನ್ನೇ ಓಡಿಸುವದು, ಮಾಳಿಗೆ ಸೋರಿತೆಂದು ಮನೆಗೆ ಬೆಂಕಿ ಇಟ್ಟಂತಾಗುವದು. ಅಂದು ಸಭೆಯಲ್ಲಿ ಮಾತಾಡಿದ ತರುಣರಲ್ಲಿ ನನಗೆ ದ್ವೇಷವಿಲ್ಲ. ಅವರು ಒಂದು ರಾತ್ರಿ, ಕಬ್ಬಿನ ಹಂಗಾಮಿನಲ್ಲಿ, ಆ ಹುಡುಗನ ಪಕ್ಕದಲ್ಲಿ ಬೆಳಗಿನ ವರೆಗೆ ನಿಂತು ಬರಲಿ. ಆ ಮೇಲೆಯೂ ಅವರ ಮತವು ಬದಲಾಗದಿದ್ದರೆ, ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಲಿ. ಓದಲು ನಾನು ಸಿದ್ಧನಾಗಿರುವೆನು.