ಅತಿಥಿ ಎಂದು ಕರೆದು ಎಲೆ ಹಾಕದ ಮನೆ

ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿಯೇ ವಿದ್ಯೆಗೆ ನಮಸ್ಕಾರ ಹೇಳಿ ಹೊಟೇಲಿನ ಗಲ್ಲೆಯ ಮೇಲೆ ಕುಳಿತವರು ನಾವು. ಅಂಥವರು ಕಾಲೇಜಿನ ಅಧ್ಯಾಪಕರ ಕಷ್ಟಸುಖಗಳನ್ನು ಕುರಿತು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ಆದರೆ ಒಂದು ಶಬ್ದದ ವಿಷಯದಲ್ಲಿ ಮಾತ್ರ ನಮಗೂ ಅಧಿಕಾರವುಂಟು. ಆ ಶಬ್ದ ‘ಅತಿಥಿ’. ಬಂದವನನ್ನು ಎಲ್ಲಿ ಕೂರಿಸಬೇಕು, ಎಷ್ಟು ಬೇಗ ನೀರು ತಂದಿಡಬೇಕು, ಹಸಿದವನನ್ನು ಕಾಯಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕರ್ನಾಟಕ ಸರಕಾರವು ತನ್ನ ಪದವಿ ಕಾಲೇಜುಗಳಲ್ಲಿ ಖಾಯಂ ಅಲ್ಲದ ಅಧ್ಯಾಪಕರಿಗೆ ಇಟ್ಟಿರುವ ಹೆಸರು ‘ಅತಿಥಿ ಉಪನ್ಯಾಸಕ’. ನಾವು ಅನ್ನ ಅರಸಿಕೊಂಡು ಬಂದಿರುವ ಈ ಮಹಾರಾಷ್ಟ್ರದಲ್ಲಿ ಅಂಥವರನ್ನು ‘ತಾಸಿಕಾ ತತ್ತ್ವ’ದವರೆನ್ನುತ್ತಾರೆ. ಎಂದರೆ ತಾಸಿನ ಲೆಕ್ಕದಲ್ಲಿ ಪಾಠ ಹೇಳುವವರು. ಹೆಸರು ಎರಡು; ಬದುಕು ಒಂದೇ.

ಈಚೆಗೆ ಒಂದು ಸಂಜೆ ಅಂಥವರೊಬ್ಬರು ನಮ್ಮ ಕಚೇರಿಗೆ ಬಂದರು. ಇಪ್ಪತ್ತು ವರುಷಗಳ ಹಿಂದೆ ಅವರು ನಮ್ಮ ಹೊಟೇಲಿನಲ್ಲಿ ಬಾಹರ್‌ವಾಲಾ ಆಗಿದ್ದರು. ಹಗಲೆಲ್ಲ ಕೋಟೆಯ ಕಚೇರಿಗಳಿಗೆ ಚಹ ಹೊತ್ತು, ಸಂಜೆ ರಾತ್ರಿಶಾಲೆಯಲ್ಲಿ ಕಲಿತು, ಮುಂದೆ ಕಾಲೇಜಿಗೂ ಹೋಗಿ ಎಂ. ಎ. ಮಾಡಿ, ಅಧ್ಯಾಪಕ ವೃತ್ತಿಗೆ ಅವಶ್ಯವೆಂದು ವಿಧಿಸಿರುವ ಅರ್ಹತಾ ಪರೀಕ್ಷೆಯನ್ನೂ ಗೆದ್ದವರು. ಅವರು ಎಂ. ಎ. ಪಾಸಾದ ದಿನ ಹೊಟೇಲಿನ ಸಿಬ್ಬಂದಿಗೆಲ್ಲ ನಾವು ಜಿಲೇಬಿ ಹಂಚಿದ್ದೆವು. ಈಗ ಅವರನ್ನು ಏಕವಚನದಲ್ಲಿ ಕರೆಯಲು ನಮಗೆ ನಾಲಿಗೆ ಬಾರದು. ಅವರಾದರೋ ಇನ್ನೂ ನಮ್ಮನ್ನು ‘ಧನಿಗಳೇ’ ಎಂದೇ ಕರೆಯುತ್ತಾರೆ.

“ಧನಿಗಳೇ, ರಾತ್ರಿ ಹೊತ್ತು ಪ್ರೂಫ್ ತಿದ್ದುವ ಕೆಲಸವೇನಾದರೂ ಇದ್ದರೆ ಹೇಳಿ” ಎಂದರು ಅವರು.

“ಕಾಲೇಜಿನ ಕೆಲಸ ಏನಾಯಿತು?” ಎಂದು ಕೇಳಿದೆವು.

“ಇದೆ. ಎರಡು ಕಾಲೇಜುಗಳಲ್ಲಿ ಇದೆ. ಎರಡನ್ನೂ ಕೂಡಿಸಿದರೂ ಮನೆಬಾಡಿಗೆ ಆಗುವುದಿಲ್ಲ” ಎಂದರು.

ಆಮೇಲೆ ಅವರು ತಮ್ಮ ದಿನಚರಿಯನ್ನು ವಿವರಿಸಿದರು. ಬೆಳಿಗ್ಗೆ ಒಂದು ಉಪನಗರದಲ್ಲಿ ಎರಡು ತಾಸು ಪಾಠ, ಅಲ್ಲಿಂದ ಲೋಕಲ್ ಹಿಡಿದು ಇನ್ನೊಂದು ಉಪನಗರದಲ್ಲಿ ಮತ್ತೆರಡು ತಾಸು. ಸಂಬಳ ಈ ತಾಸುಗಳಿಗೆ ಮಾತ್ರ. ಗಣೇಶ ಚೌತಿಯ ರಜೆಗೆ ಇಲ್ಲ, ದೀಪಾವಳಿಯ ರಜೆಗೆ ಇಲ್ಲ, ಪರೀಕ್ಷೆಗಾಗಿ ಪಾಠ ನಿಂತ ದಿನಗಳಿಗೆ ಇಲ್ಲ, ಮಳೆಗೆ ರೈಲು ನಿಂತು ಮಕ್ಕಳು ಬಾರದ ದಿನಕ್ಕೂ ಇಲ್ಲ. ಬೇಸಗೆಯ ರಜೆ ಬಂತೆಂದರೆ ಕೆಲಸವೇ ಮುಗಿಯಿತು. ಮಳೆಗಾಲದಲ್ಲಿ ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಅದೇ ಕಾಲೇಜಿನ ಅದೇ ಮೇಜಿನ ಮುಂದೆ ಅಪರಿಚಿತನಂತೆ ನಿಲ್ಲುವುದು. ಅಧ್ಯಾಪಕರ ಕೋಣೆಯಲ್ಲಿ ಅವರಿಗೊಂದು ಕಪಾಟಿಲ್ಲ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳು ಅವರ ಹೆಗಲ ಚೀಲದಲ್ಲಿಯೇ ಊರೂರು ತಿರುಗುತ್ತವೆ.

ನಾವು ಹೊಟೇಲಿನವರು ಇದನ್ನು ನಮ್ಮ ಲೆಕ್ಕದಲ್ಲಿಯೇ ನೋಡೋಣ. ಇಡ್ಲಿಯನ್ನು ಒಲೆಯ ಬಳಿಯಿಂದ ಮೇಜಿಗೆ ಒಯ್ಯುವುದು ಎರಡು ನಿಮಿಷದ ಕೆಲಸ. ಆದರೆ ಹಿಂದಿನ ದಿನವೇ ಅಕ್ಕಿ ಉದ್ದು ನೆನೆಹಾಕಿದವರಾರು? ರುಬ್ಬಿದವರಾರು? ನಸುಕಿನಲ್ಲಿ ಎದ್ದು ಹಂಡೆಗೆ ನೀರು ತುಂಬಿದವರಾರು? “ಮೇಜಿಗೆ ಒಯ್ದ ಎರಡು ನಿಮಿಷಕ್ಕೆ ಮಾತ್ರ ನಿನಗೆ ಪಗಾರ” ಎಂದು ಯಾವ ಧನಿಯಾದರೂ ಹೇಳಿದ್ದರೆ ಆ ಸಂಜೆಯೇ ಅಡಿಗೆಮನೆ ಖಾಲಿಯಾಗುತ್ತಿತ್ತು. ಒಂದು ತಾಸು ಪಾಠ ಹೇಳಲು ಎರಡು ತಾಸು ಓದಬೇಕು. ಹೇಳಿದ ಮೇಲೆ ಪತ್ರಿಕೆ ತಿದ್ದಬೇಕು. ತಾಸಿನ ಲೆಕ್ಕದ ಅಧ್ಯಾಪಕನಿಗೆ ನಾವು ಕೊಡುತ್ತಿರುವುದು ಇಡ್ಲಿ ಒಯ್ದ ಕೂಲಿಯನ್ನು, ರುಬ್ಬಿದ ಕೂಲಿಯನ್ನಲ್ಲ. ಮೇಲಾಗಿ ನಮ್ಮ ಹುಡುಗರಿಗೆ ಎರಡು ಹೊತ್ತಿನ ಊಟವೂ ಮಲಗಲು ಜಾಗವೂ ಇರುತ್ತಿತ್ತು. ಸರಸ್ವತಿಯ ಮನೆಯ ಈ ಆಳಿಗೆ ಅದೂ ಇಲ್ಲ.

ಇನ್ನು ಸಂಬಳ ಕೈಗೆ ಬರುವ ಬಗೆ. ಗೊತ್ತಾದ ತಿಥಿಯಿಲ್ಲದೆ ಬರುವವನು ಅತಿಥಿಯೆಂದು ಹಿರಿಯರು ಅರ್ಥ ಹೇಳುತ್ತಿದ್ದರು. ಇಲ್ಲಿ ತಿಥಿಯಿಲ್ಲದೆ ಬರುವುದು ಅತಿಥಿಯಲ್ಲ, ಅವನ ಸಂಬಳ! ಬಿಲ್ಲು ಕಾಲೇಜಿನಿಂದ ಹೋಗಬೇಕು, ಮಂಜೂರಾತಿ ಮೇಲಿನಿಂದ ಬರಬೇಕು, ಅನುದಾನ ಇನ್ನೆಲ್ಲಿಂದಲೋ ಇಳಿಯಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ನಮ್ಮ ತಾಯ್ನಾಡಿನ ಸ್ಥಿತಿಯೇನು? 2021ರ ಡಿಸೆಂಬರಿನಲ್ಲಿ ಕರ್ನಾಟಕದ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿ ಬೀದಿಗಿಳಿದಾಗ ಅವರ ತಿಂಗಳ ಗೌರವಧನ 11,000ದಿಂದ 13,000 ರೂಪಾಯಿ. 2022ರ ಜನವರಿಯಲ್ಲಿ ಸರಕಾರ ಅದನ್ನು ಅರ್ಹತೆ ಮತ್ತು ಅನುಭವಗಳಿಗೆ ತಕ್ಕಂತೆ 26,000ದಿಂದ 32,000 ರೂಪಾಯಿಗಳಿಗೆ ಏರಿಸಿತು. ಇದು ಸಣ್ಣ ಉಪಕಾರವಲ್ಲ, ಒಪ್ಪಿಕೊಳ್ಳೋಣ. ಆದರೆ ಜೊತೆಯಲ್ಲಿಯೇ ವಾರದ ಪಾಠವನ್ನು 15 ತಾಸಿಗೆ ಏರಿಸಿದ್ದರಿಂದ, ಇಬ್ಬರು ಹಂಚಿಕೊಂಡಿದ್ದ ಎಲೆ ಒಬ್ಬನ ಪಾಲಾಗಿ ಹಲವರು ಪಂಕ್ತಿಯಿಂದಲೇ ಏಳಬೇಕಾಯಿತು. 2023ರ ಕೊನೆಗೆ ಅವರು ಮತ್ತೆ ಬೀದಿಯಲ್ಲಿದ್ದರು. ಈ ಸಲದ ಕೂಗು ಮುಖ್ಯವಾಗಿ ಹಣದ್ದಲ್ಲ, ಖಾಯಂ ಮಾಡಿರೆಂಬುದು.

ಹಾಗಾದರೆ ಖಾಯಂ ಆದವರೆಲ್ಲ ಸುಖಿಗಳೇ ಎಂದು ಕೇಳಬಹುದು. ಅವರ ಮೇಲೂ ಜನರಿಗೊಂದು ಅಸೂಯೆ ಇದೆ. ದಿನಕ್ಕೆ ಮೂರು ತಾಸು ಮಾತಾಡಿ ದೊಡ್ಡ ಸಂಬಳ ಎಣಿಸುತ್ತಾರೆಂದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ತಾಸು ಪಾಠವನ್ನು ಗೊತ್ತುಮಾಡಿದ್ದು ನಿಜ. ಆದರೆ ಅದೇ ನಿಯಮಾವಳಿ ಒಟ್ಟು ಕೆಲಸವನ್ನು ವಾರಕ್ಕೆ 40 ತಾಸೆಂದು ಎಣಿಸಿದೆ. ಉಳಿದ ತಾಸುಗಳು ಓದಿಗೆ, ಸಂಶೋಧನೆಗೆ, ವಿದ್ಯಾರ್ಥಿಗಳೊಡನೆ ಮಾತುಕತೆಗೆ ಸಲ್ಲಬೇಕಾದವು. ಅವು ನಿಜವಾಗಿ ಸಲ್ಲುತ್ತಿರುವುದು ಎಲ್ಲಿಗೆ? ಪ್ರವೇಶದ ಅರ್ಜಿಗಳನ್ನು ಎಣಿಸುವುದಕ್ಕೆ, ಹಾಜರಿಯನ್ನು ಯಂತ್ರಕ್ಕೆ ತುಂಬುವುದಕ್ಕೆ, ಚುನಾವಣೆಯ ಕೆಲಸಕ್ಕೆ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುನ್ನ ಕಡತಗಳ ಬೆಟ್ಟ ಕಟ್ಟುವುದಕ್ಕೆ. ನಮ್ಮ ವಾಚಕರಲ್ಲಿ ಕಾರಕೂನರು ಬಹಳ. ಕಡತದ ಕೆಲಸ ಹೀನವೆಂದು ನಾವು ಹೇಳುತ್ತಿಲ್ಲ. ಆದರೆ ಕಾರಕೂನನ ಕೆಲಸಕ್ಕೆ ಕಾರಕೂನನನ್ನು ನೇಮಿಸದೆ ಪ್ರಾಧ್ಯಾಪಕನಿಂದ ಮಾಡಿಸಿದರೆ ಇಬ್ಬರಿಗೂ ಅನ್ಯಾಯ. ಒಬ್ಬನ ನೌಕರಿ ಹೋಯಿತು, ಇನ್ನೊಬ್ಬನ ಪಾಠ ಹೋಯಿತು. ನಿವೃತ್ತರಾದವರ ಕುರ್ಚಿಗಳು ತುಂಬದೆ ಖಾಲಿ ಇರುವಾಗ ಉಳಿದ ಕೆಲವರ ಮೇಲೆಯೇ ಈ ಹೊರೆಯೆಲ್ಲ ಬೀಳುತ್ತದೆ.

ಈಗ ನಾವು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ವರುಷವೊಂದರಲ್ಲಿ 240 ದಿನ ದುಡಿದವನನ್ನು ಧನಿಯಾದವನು ಮನಬಂದಂತೆ ಕಳಚಿಹಾಕುವಂತಿರಲಿಲ್ಲ. ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ಆ ಎಣಿಕೆ ತುಂಬುವ ಮೊದಲೇ ಹುಡುಗರ ಹೆಸರನ್ನು ಮಸ್ಟರಿನಿಂದ ತೆಗೆದು, ಕೆಲವು ದಿನ ಊರಿಗೆ ಕಳುಹಿಸಿ, ಮರಳಿದ ಮೇಲೆ ಹೊಸಬರೆಂದು ಬರೆದುಕೊಂಡವರಲ್ಲಿ ನಾವೂ ಒಬ್ಬರು. ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆಂಬುದೇ ನಮ್ಮ ಸಮಾಧಾನವಾಗಿತ್ತು. ಆದುದರಿಂದ ಬೇಸಗೆಯಲ್ಲಿ ಕೆಲಸ ಕಡಿದು ಮಳೆಗಾಲದಲ್ಲಿ ಹೊಸ ನೇಮಕದ ಕಾಗದ ಕೊಡುವ ಕಾಲೇಜಿನ ಯುಕ್ತಿ ನಮಗೆ ಹೊಸದಲ್ಲ. ಕಳ್ಳನ ಹೆಜ್ಜೆಯನ್ನು ಕಳ್ಳನೇ ಬಲ್ಲ. ಆದರೆ ನಮ್ಮ ಹುಡುಗರಿಗೆ ಯೂನಿಯನ್ ಇತ್ತು, ಲೇಬರ್ ಕೋರ್ಟಿನ ಬಾಗಿಲಿತ್ತು. ಅಧ್ಯಾಪಕನು ಆ ಕಾಯಿದೆಯ ಅರ್ಥದಲ್ಲಿ ‘ಕಾಮಗಾರ’ನಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿಯೇ ತೀರ್ಪಿತ್ತಿತು. ಗುರುವಿನ ಪದವಿ ದೊಡ್ಡದೆಂಬ ಕಾರಣಕ್ಕೇ ಆ ಬಾಗಿಲು ಅವನಿಗೆ ತೆರೆಯಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ ಅಲ್ಲವೇ?

ನಿಯಮಗಳೇ ಇಲ್ಲವೆಂದಲ್ಲ. ಗುತ್ತಿಗೆಯ ಅಧ್ಯಾಪಕರು ಒಟ್ಟು ಹುದ್ದೆಗಳ ಶೇಕಡಾ 10ನ್ನು ಮೀರಕೂಡದೆಂದು 2018ರ ಅದೇ ನಿಯಮಾವಳಿ ಹೇಳಿತ್ತು. ಅತಿಥಿ ಅಧ್ಯಾಪಕನಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಆಯೋಗವು 2019ರಲ್ಲಿ ಸೂಚಿಸಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 2016ರಲ್ಲಿ ಸಾರಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಸರಕಾರಿ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಮೊಕದ್ದಮೆ ಅದೇ ಕೋರ್ಟಿನ ಮುಂದೆ ಬಂತು. ತಿಂಗಳಿಗೆ 30,000 ರೂಪಾಯಿಯಲ್ಲಿ ದುಡಿಯುತ್ತಿದ್ದ ಅವರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಸಂಬಳವಾದರೂ ಸಲ್ಲಬೇಕೆಂದು ನ್ಯಾಯಮೂರ್ತಿಗಳು ತೀರ್ಪಿತ್ತರು. ಸಭೆಗಳಲ್ಲಿ ಗುರುಸ್ತುತಿಯ ಶ್ಲೋಕ ಹೇಳಿದರೆ ಸಾಲದು, ನಡತೆಯಲ್ಲಿಯೂ ಅದು ಕಾಣಬೇಕೆಂಬ ಅರ್ಥದ ಮಾತನ್ನೂ ಆಡಿದರು. ಎಲೆಯ ತುದಿಯಲ್ಲಿರಬೇಕಾದ ಉಪ್ಪಿನಕಾಯಿಯನ್ನೇ ಊಟವೆಂದು ಬಡಿಸುತ್ತಿರುವ ಎಲ್ಲ ಸರಕಾರಗಳೂ ಕೇಳಬೇಕಾದ ಮಾತದು.

ಇದೆಲ್ಲ ಓದಿದವರ ಜಗಳ, ಮೇಜು ಒರೆಸುವ ನಮಗೇಕೆ ಎಂದು ವಾಚಕರು ಪತ್ರಿಕೆಯನ್ನು ಮಡಚಿಡಬಾರದು. ಹೊಟೇಲಿನ ಹೊಗೆ ಕುಡಿದು, ಕಚೇರಿಯ ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ, ನಾವು ಹಣ ಕಳುಹುವುದು, ಫೀಸು ಕಟ್ಟುವುದು ಯಾತಕ್ಕೆ? ನಮ್ಮ ಮಕ್ಕಳು ನಮ್ಮಂತಾಗದಿರಲಿ ಎಂದಲ್ಲವೇ? ಆ ಮಕ್ಕಳ ಎದುರು ನಿಂತವನು ಮುಂದಿನ ಲೋಕಲಿನ ವೇಳೆಯನ್ನೇ ನೋಡುತ್ತಿದ್ದರೆ, ತರಗತಿ ಮುಗಿದ ಮೇಲೆ ಸಂಶಯ ಕೇಳಲು ಹೋದ ಹುಡುಗಿಗೆ “ನಾಳೆ ಕೇಳಮ್ಮಾ” ಎಂದು ಓಡಬೇಕಾಗಿ ಬಂದರೆ, ನಷ್ಟ ಯಾರದು? ಶ್ರೀಮಂತರ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಆ ‘ನಾಳೆ’ಯೊಂದೇ ಗತಿ. ಅಷ್ಟೇ ಅಲ್ಲ, ಚುರುಕಾದ ವಿದ್ಯಾರ್ಥಿ ತನ್ನ ಮೇಷ್ಟರ ಸವೆದ ಚಪ್ಪಲಿಯನ್ನೂ ನೋಡುತ್ತಾನೆ. ನೋಡಿ, ಏನಾದರೂ ಆಗೋಣ, ಮೇಷ್ಟರು ಮಾತ್ರ ಬೇಡ ಎಂದು ನಿಶ್ಚಯಿಸುತ್ತಾನೆ. ಮುಂದಿನ ತಲೆಮಾರಿಗೆ ಪಾಠ ಹೇಳುವವರು ಯಾರು?

ಸರಕಾರವನ್ನು ಬೈಯುವುದು ಸುಲಭ. ಆದರೆ ನಮ್ಮ ಸಮಾಜಗಳ ಸಂಘಗಳೂ ಕಾಲೇಜು ನಡೆಸುತ್ತವೆ. ಅಲ್ಲಿಯೂ ತಾಸಿನ ಲೆಕ್ಕ ಇಲ್ಲದಿಲ್ಲ. ಅಂಥ ಒಂದು ಕಟ್ಟಡದ ಅಮೃತಶಿಲೆಯ ಫಲಕದಲ್ಲಿ ದಾನಿಗಳ ಸಾಲಿನಲ್ಲಿ ನಮ್ಮ ಹೆಸರೂ ಇದೆ. ಉದ್ಘಾಟನೆಯ ದಿನ ಶಾಲು ಹೊದ್ದು ಫೋಟೋಗೆ ನಿಂತ ನಾವು, ಈ ಗೋಡೆಯೊಳಗೆ ಪಾಠ ಹೇಳುವವನಿಗೆ ತಿಂಗಳ ಯಾವ ತಾರೀಕಿಗೆ ಸಂಬಳವಾಗುತ್ತದೆಂದು ಒಬ್ಬರನ್ನೂ ಕೇಳಲಿಲ್ಲ. ಕಟ್ಟಡಕ್ಕೆ ಕೊಟ್ಟರೆ ಕಲ್ಲಿನಲ್ಲಿ ಹೆಸರು ಉಳಿಯುತ್ತದೆ. ಮೇಷ್ಟರ ಸಂಬಳಕ್ಕೆ ಕೊಟ್ಟರೆ ಎಲ್ಲಿ ಕೆತ್ತಿಸುವುದು? ನಮ್ಮ ದಾನದ ರೋಗವೇ ಇದು.

ಹಣ ಎಲ್ಲಿಂದ ತರುವುದೆಂದು ಸಂಘದ ಪದಾಧಿಕಾರಿಗಳು ಕೇಳುವರು. ನ್ಯಾಯವಾದ ಪ್ರಶ್ನೆ. ಫೀಸಿಗೆ ಮಿತಿಯಿದೆ, ಅನುದಾನಕ್ಕೆ ತಡೆಯಿದೆ. ಆದರೆ ನೆರೆದವರ ಮೆಚ್ಚುಗೆಗಾಗಿ ಸಭಾಗೃಹಕ್ಕೆ ಹಣ ಕೂಡಿಸಬಲ್ಲ ನಾವು, ಬಡ್ಡಿಯಿಂದ ಒಬ್ಬಿಬ್ಬರು ಅಧ್ಯಾಪಕರ ಸಂಬಳ ನಡೆಯುವಂಥ ಒಂದು ನಿಧಿಯನ್ನು ಕೂಡಿಸಲಾರೆವೇ? ಅದಾಗುವ ಮುನ್ನ ಕಾಸು ಖರ್ಚಿಲ್ಲದ ಕೆಲಸಗಳೂ ಇವೆ. ಸಂಬಳಕ್ಕೆ ಒಂದು ತಾರೀಕನ್ನು ಗೊತ್ತುಮಾಡಿ ಅದನ್ನು ಮೀರದಿರುವುದು. ತಾಸಿನವರಿಗೂ ಒಂದು ಕಪಾಟು, ಒಂದು ಕುರ್ಚಿ ಕೊಡುವುದು. ಹತ್ತು ವರುಷ ಪಾಠ ಹೇಳಿದವನನ್ನು ಪ್ರತಿ ವರುಷ ಹೊಸಬನೆಂದು ಸಂದರ್ಶನಕ್ಕೆ ನಿಲ್ಲಿಸದಿರುವುದು. ವಾಚಕರೂ ಒಂದು ಕೆಲಸ ಮಾಡಬಲ್ಲರು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಫೀಸು ಎಷ್ಟೆಂದು ಕೇಳುವ ಬಾಯಿಯಿಂದಲೇ, ಇಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ ಎಂದೂ ಕೇಳಿರಿ. ಹತ್ತು ತಂದೆತಾಯಿಗಳು ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ.

ಸೆಪ್ಟೆಂಬರ್ 5 ಬಂದರೆ ಎಲ್ಲ ಕಾಲೇಜುಗಳಲ್ಲಿಯೂ ಡಾ. ರಾಧಾಕೃಷ್ಣನ್ನರ ಚಿತ್ರಕ್ಕೆ ಹಾರ ಬೀಳುತ್ತದೆ. 1918ರಿಂದ 1921ರ ವರೆಗೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಕಲಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಎಳೆದು ಸ್ಟೇಶನ್ನಿಗೆ ಮುಟ್ಟಿಸಿದರೆಂಬ ಕಥೆಯನ್ನು ಭಾಷಣಕಾರರು ಹೇಳುತ್ತಾರೆ. ಹೇಳಲಿ. ಆದರೆ ಅವರ ಮುಂದೆಯೇ ಸ್ಟೇಶನ್ನಿಗೆ ಓಡುವ ಅವಸರದಲ್ಲಿರುವ ತಾಸಿನ ಮೇಷ್ಟರ ಕಡೆಗೂ ಒಮ್ಮೆ ನೋಡಲಿ. ಅವನಿಗೆ ಸಾರೋಟು ಬೇಡ. ತಿಂಗಳ ಕೊನೆಗೆ ಸಂಬಳ ಸಾಕು.

ನಮ್ಮಲ್ಲಿಗೆ ಬಂದವರಿಗೆ ಪ್ರೂಫಿನ ಕೆಲಸವನ್ನು ಕೊಟ್ಟೆವು. ಅಂದು ರಾತ್ರಿ ಹನ್ನೊಂದಕ್ಕೆ ಅವರು ಪುಟ ತಿದ್ದಿಟ್ಟು, ಚೀಲದಿಂದ ವಿದ್ಯಾರ್ಥಿಗಳ ಪತ್ರಿಕೆಗಳನ್ನು ತೆಗೆದು ಅದೇ ದೀಪದ ಕೆಳಗೆ ತಿದ್ದಲು ಕುಳಿತರು. ಅದಕ್ಕೆ ಅವರಿಗೆ ಯಾರೂ ತಾಸು ಎಣಿಸುವುದಿಲ್ಲ. ಕೆಲಸ ಕೊಟ್ಟೆವೆಂಬ ಸಂತೋಷ ನಮಗಾಗಲಿಲ್ಲ, ಎಂ. ಎ.ಗೆ ಹಂಚಿದ ಜಿಲೇಬಿ ನೆನಪಾಗಿ ನಾಚಿಕೆಯಾಯಿತು. ಅತಿಥಿಯೆಂದು ಬಾಗಿಲಲ್ಲಿ ಹೆಸರಿಟ್ಟು ಕರೆದ ಮೇಲೆ ಎಲೆ ಹಾಕುವುದು ಮನೆಯವರ ಧರ್ಮ. ಆ ಮನೆಯವರಲ್ಲಿ ನಾವೂ ಸೇರಿದ್ದೇವೆ.