ಗೆದ್ದಲಿನ ನೆಪದಲ್ಲಿ

ಬಾಗಿಲ ಚೌಕಟ್ಟಿನ ಮೇಲೆ ಒಂದು ಗೆರೆ ಮಣ್ಣು ಕಂಡರೆ ಸಾಕು, ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವ ಮಾತು ‘ಔಷಧಿ ಹೊಡೆಸಬೇಕು’ ಎಂಬುದು. ಯಜಮಾನರು ಹೊಡೆಸುತ್ತಾರೆ, ಹೊಡೆಸಿ ಆಫೀಸಿಗೆ ಹೋಗುತ್ತಾರೆ. ಆ ಗಾಳಿಯನ್ನು ಅಂದೂ ಮರುದಿನವೂ ಉಸಿರಾಡುತ್ತ ಅನ್ನ ಬಸಿಯುವವಳು ಹೆಂಗಸು. ಆ ನೆಲದ ಮೇಲೆ ಅಂಬೆಗಾಲಿಡುವುದು ಕೂಸು. ಹೊಡೆದದ್ದು ಏನೆಂದು ಕೇಳುವ ಅಧಿಕಾರ ಅವಳಿಗಿಲ್ಲವೇ?

ನಾನು ಒಮ್ಮೆ ಕೇಳಿದೆ. ಶಾಲೆಯ ಪುಸ್ತಕದ ಬೀರುವಿಗೆ ಗೆದ್ದಲು ಹತ್ತಿದಾಗ ಬಂದಾತ ‘ಏನೂ ಆಗಲ್ಲ ಟೀಚರ್, ಸೇಫು’ ಎಂದ. ಹೆಸರು ಓದೋಣವೆಂದರೆ ಡಬ್ಬಿಯ ಮೇಲೆ ಚೀಟಿಯೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಮೂರನೆಯ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಈ ‘ಸೇಫು’ ಎಂಬ ಮಾತಿಗೆ ಒಂದು ಚರಿತ್ರೆಯೇ ಇದೆ. ಒಂದು ಕಾಲಕ್ಕೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳನ್ನು ಮನೆಯ ಅಡಿಪಾಯಕ್ಕೇ ಸುರಿಸುತ್ತಿದ್ದರು. ಆಗ ಅವೂ ಸೇಫೇ! 1996ರಲ್ಲಿ ನಮ್ಮ ದೇಶದಲ್ಲಿ ಅವಕ್ಕೆ ನಿಷೇಧ ಬಂತು. ಆ ಜಾಗಕ್ಕೆ ಬಂದ ಕ್ಲೋರ್‌ಪೈರಿಫಾಸ್ ನರಗಳ ಮೇಲೆ ಕೆಲಸ ಮಾಡುವ ವಿಷ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು, ಕೆಲವು ವಿನಾಯಿತಿಗಳೊಡನೆ, ಅದನ್ನೂ ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ನಮ್ಮ ಮನೆಯ ಮೂಲೆಗೆ ಹೊಡೆದದ್ದನ್ನು ವಾಪಸು ತೆಗೆಯುವವರು ಯಾರು?

ಇನ್ನು ಎಲೆ, ಬೇರು, ಎಣ್ಣೆ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಅಜ್ಜಿ ಇಡುತ್ತಿದ್ದ ಲಾವಂಚದ ಬೇರನ್ನು ನಾವು ಬರೀ ಸುವಾಸನೆಗೆಂದುಕೊಂಡೆವು. ಆ ಬೇರಿನ ಎಣ್ಣೆಯಲ್ಲಿರುವ ನೂಟ್ಕಟೋನ್ ಗೆದ್ದಲನ್ನು ದೂರ ಓಡಿಸುತ್ತದೆಂದು ಅಮೆರಿಕದ ಲೂಸಿಯಾನಾದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಬೇವಿನ ಬೀಜದ ಅಜಾಡಿರಾಕ್ಟಿನ್ ಹುಳುವಿಗೆ ತಿನ್ನುವ ಮನಸ್ಸನ್ನೇ ಕೆಡಿಸುತ್ತದೆ, ಪೊರೆ ಕಳಚಲು ಬಿಡುವುದಿಲ್ಲ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಹೂಕುಂಡದ ಮಣ್ಣಿಗೆ ಹಾಕಿ ನೋಡಿ. ಬಿಸಿಲಿಗೆ ಅದರ ಸತ್ವ ಕೆಲವೇ ದಿನಗಳಲ್ಲಿ ಹೋಗುತ್ತದೆ, ಮತ್ತೆ ಮತ್ತೆ ಹಾಕಬೇಕು. ಬೇಗ ಹೋಗುವುದೇ ಅದರ ಗುಣ ಎನ್ನುತ್ತೇನೆ ನಾನು.

ಹಾಗೆಂದು ಗಿಡದ್ದೆಲ್ಲ ಹಾಲೆಂದು ತಿಳಿಯಬೇಡಿ. ಹೊಗೆಸೊಪ್ಪಿನ ಕಷಾಯ ಪ್ರಾಣ ತೆಗೆಯಬಲ್ಲದು. ಎಕ್ಕದ ಹಾಲು ಕಣ್ಣಿಗೆ ಕೇಡು. ಕರಾವಳಿಯವರು ದೋಣಿಗೂ ಜಂತಿಗೂ ಬಳಿಯುವ ಗೇರು ಸಿಪ್ಪೆಯ ಎಣ್ಣೆ ಗಟ್ಟಿ ಮದ್ದೇ ಸರಿ, ಆದರೆ ಕೈಗೆ ತಾಗಿದರೆ ಬೊಬ್ಬೆ. ‘ಹರ್ಬಲ್’ ಎಂದು ಹಸಿರು ಚೀಟಿ ಅಂಟಿಸಿದ ಬಾಟಲಿಗೂ ಅದೇ ಪ್ರಶ್ನೆ: ಒಳಗೇನಿದೆ?

ಮತ್ತೆ, ಯಾವ ಎಣ್ಣೆಯೂ ನೆಲದಾಳದ ರಾಣಿಯನ್ನು ಮುಟ್ಟದು. ಅವಳು ದಿನಕ್ಕೆ ಸಾವಿರಾರು ಮೊಟ್ಟೆಯಿಡುವವಳು. (ನಾಗರಪಂಚಮಿಗೆ ನಾವು ಹಾಲೆರೆಯುವ ಹುತ್ತ ಅವಳ ಸಂಸಾರದ್ದೇ, ಹಾವು ಬರೀ ಬಾಡಿಗೆದಾರ.) ಗೆದ್ದಲಿಗೆ ಬೇಕಾದದ್ದು ತೇವ. ಬಚ್ಚಲಿನ ಸೋರುವ ನಲ್ಲಿ, ಗೋಡೆಗೊರಗಿಸಿದ ಹಳೆಯ ರಟ್ಟು, ಹಿತ್ತಿಲಿನ ಸೌದೆ ರಾಶಿ ಇರುವತನಕ ಯಾವ ಮದ್ದೂ ದಂಡ. ಮಣ್ಣಿನ ಗೆರೆಯನ್ನು ಕೆರೆದು, ಅದು ಎಲ್ಲಿಂದ ಏರಿದೆಯೆಂದು ಹುಡುಕಿ, ಒಣಗಿಸಿ, ಆಮೇಲೆ ಬೇವಿನೆಣ್ಣೆ ಬಳಿಯಿರಿ. ಈ ಕೆಲಸಕ್ಕೆ ಯಜಮಾನರ ಒಂದು ಭಾನುವಾರವೂ ಸಲ್ಲಲಿ.

ಅಷ್ಟಾಗಿಯೂ ತೊಲೆಯೇ ಟೊಳ್ಳಾಗಿದ್ದರೆ ತಿಳಿದವರನ್ನು ಕರೆಸಬೇಕಾದೀತು. ಬಂದವರಿಂದ ಮದ್ದಿನ ಹೆಸರು, ಪ್ರಮಾಣ, ಎಷ್ಟು ದಿನ ಮಕ್ಕಳನ್ನು ದೂರವಿಡಬೇಕೆಂಬುದು, ಇಷ್ಟನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದವರ ಡ್ರಿಲ್ ಮೆಷಿನ್ ಹೊಸಿಲಿನಾಚೆಯೇ ಇರಲಿ.