ಪೇಟಿ, ಶ್ರುತಿ ಮತ್ತು ಒಂದು ತೂತಿನ ರಟ್ಟು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮಗೆ ಪ್ರಾರ್ಥನೆಯ ಪೇಟಿ ಹೊಸದಲ್ಲ. ನಾನು ಕಂಡ ಶಾಲೆಯೊಂದರಲ್ಲಿ ಅದನ್ನು ನುಡಿಸುತ್ತಿದ್ದವನು ಭಜನೆಯಲ್ಲಿ ಕಲಿತ ಹುಡುಗ. ಅವನಿಗೆ ಬರುತ್ತಿದ್ದುದು ಒಂದೇ ಶ್ರುತಿ, ಕರಿ 1. ಚೆನ್ನಾಗಿ ಹಾಡುವ ಹುಡುಗಿಗೆ ಹಿತವಾದದ್ದು ಕರಿ 4. ಆದರೂ ಅವಳೇ ಇಳಿದು ಹಾಡಬೇಕು. ಕೆಳಗಿನ ಸ್ವರಗಳಲ್ಲಿ ದನಿ ಅಡಗಿಹೋಗುತ್ತದೆ. ಪ್ರತಿಭಾ ಕಾರಂಜಿಗೆ ಆರಿಸುವಾಗ ‘ಇವಳಿಗೆ ಧ್ವನಿ ಸಾಲದು’ ಅನ್ನುತ್ತಾರೆ. ನನ್ನ ಪ್ರಕಾರ ತೊಂದರೆ ಇರುವುದು ಕೀಗಳ ಜೋಡಣೆಯಲ್ಲಿ.

ಬಿಳಿ 1ನ್ನು ‘ಸ’ ಮಾಡಿಕೊಂಡರೆ ಏಳೂ ಶುದ್ಧ ಸ್ವರಗಳು ಬಿಳಿ ಕೀಗಳಲ್ಲೇ ಸಿಗುತ್ತವೆ. ಬಿಳಿ 2ಕ್ಕೆ ಹೋದರೆ ಗ, ನಿ ಕರಿಗೆ ಜಿಗಿಯುತ್ತವೆ. ಕರಿ 1ರಲ್ಲಿ ತಿರುಗುಮುರುಗು: ಗ, ನಿ ಮಾತ್ರ ಬಿಳಿ. ಶ್ರುತಿ ಬದಲಾದಂತೆ ಬೆರಳಿನ ಪಾಠವೂ ಬದಲು.

ಇದಕ್ಕೆ ಪರ್ಯಾಯಗಳು ಹಳೆಯವೇ. ಹಂಗೇರಿಯ ಪೌಲ್ ಫಾನ್ ಯಾಂಕೊ 1882ರಲ್ಲೇ ಎಲ್ಲ ಶ್ರುತಿಗೂ ಒಂದೇ ಬೆರಳುಗಾರಿಕೆ ಸಾಕಾಗುವ ಕೀಬೋರ್ಡ್ ರೂಪಿಸಿದ. ಈಗಿನ ಲಿನ್‌ಸ್ಟ್ರುಮೆಂಟ್‌ನಂಥ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಕೀ ಬದಲು ಚೌಕಗಳಿವೆ: ಬಲಕ್ಕೆ ಒಂದು ಚೌಕ ಸರಿದರೆ ಅರ್ಧ ಸ್ವರ, ಮೇಲಿನ ಸಾಲಿಗೆ ಹತ್ತಿದರೆ ಐದು ಅರ್ಧ ಸ್ವರ. ಎಲ್ಲಿಗೆ ಸರಿಸಿದರೂ ಆಕಾರ ಕೆಡದ ಇಂಥ ಜೋಡಣೆಗೆ ಐಸೊಮಾರ್ಫಿಕ್ ಎನ್ನುತ್ತಾರೆ.

ಆ ವಾದ್ಯ ನಮ್ಮ ಶಾಲೆಗಳಿಗೆ ಬರುವುದಿಲ್ಲ ಬಿಡಿ. ಜೋಡಣೆ ಮಾತ್ರ ಕಾಗದದ ಮೇಲೂ ಕೆಲಸ ಮಾಡುತ್ತದೆ. 3 ಸಾಲು, ಸಾಲಿಗೆ 16 ಚೌಕ. ಕೆಳಸಾಲು ಬಿಳಿ 1, ಕರಿ 1, ಬಿಳಿ 2 ಎಂದು ಪೇಟಿಯ ಕ್ರಮದಲ್ಲೇ ಸಾಗಲಿ. ನಡುಸಾಲು ಬಿಳಿ 4ರಿಂದ, ಮೇಲ್ಸಾಲು ಕರಿ 5ರಿಂದ ಶುರುವಾಗಲಿ. ಇದರ ಮೇಲಿಡಲು ಒಂದು ರಟ್ಟು. ಅದರ ಕೆಳಸಾಲಿನ 1, 3, 5ನೇ ಚೌಕದಲ್ಲಿ ತೂತು (ಸ ರಿ ಗ), ನಡುಸಾಲಿನಲ್ಲೂ ಹಾಗೆಯೇ (ಮ ಪ ಧ), ಮೇಲ್ಸಾಲಿನ 2, 3ರಲ್ಲಿ (ನಿ ಮತ್ತು ಮೇಲಿನ ಸ). ಮೊದಲ ತೂತನ್ನು ಕರಿ 4ರ ಮೇಲಿಟ್ಟರೆ ಆ ಶ್ರುತಿಯ ಕೀಗಳೆಲ್ಲ ತೂತುಗಳಲ್ಲಿ ಕಾಣುತ್ತವೆ. ಪೇಟಿ ಹುಡುಗ ನೋಡಿ ಒತ್ತಿದರಾಯಿತು.

ಗಣಿತದವರಿಗೆ ಇದು ನಿರ್ದೇಶಾಂಕಗಳ ಪಾಠ: ‘ಪ’ ಎಂದರೆ ಎರಡು ಬಲಕ್ಕೆ, ಒಂದು ಮೇಲಕ್ಕೆ. ವಿಜ್ಞಾನದವರಿಗೆ ಆವೃತ್ತಿಯ ಪಾಠ: ಚೌಕಕ್ಕೊಮ್ಮೆ ಸುಮಾರು 1.0595ರಿಂದ ಗುಣಿಸುತ್ತ ಹೋದರೆ 240 ಹರ್ಟ್ಸ್‌ನ ‘ಸ’ಕ್ಕೆ ‘ಪ’ 359.6, ಶುದ್ಧ ಅನುಪಾತ 3:2ರಲ್ಲಿ 360. ಆ ಪುಟ್ಟ ವ್ಯತ್ಯಾಸದ ಮೇಲೇ ಒಂದು ಅವಧಿ ನಡೆಸಬಹುದು.

ಮೀಂಡ್, ಗಮಕ ಚೌಕದಲ್ಲಿ ಕೂರುವುದಿಲ್ಲವೆಂದು ಸಂಗೀತ ಬಲ್ಲವರು ಆಕ್ಷೇಪಿಸಬಹುದು. ನಿಜ, ಪೇಟಿಯಲ್ಲೂ ಕೂರುವುದಿಲ್ಲ. ರಾಗ ಕಲಿಸಲು ಗುರುಗಳೇ ಬೇಕು. ಪೇಟಿಯನ್ನು ಕೈಬಿಡಿ ಎಂದೂ ನಾನು ಹೇಳುತ್ತಿಲ್ಲ. ಯಾಂಕೊ ಕೀಬೋರ್ಡ್‌ಗೇ ಪಿಯಾನೊದ ಹಳೆಯ ರೂಢಿ ಬದಲಿಸಲು ಆಗಲಿಲ್ಲ. ಮುಂದಿನ ಸಲ ಹಾಡು ಆರಿಸುವಾಗ ಹುಡುಗಿಗೆ ಮೊದಲು ಅವಳ ‘ಸ’ ಹಿಡಿಯಲು ಹೇಳಿ, ಆಮೇಲೆ ರಟ್ಟು ಸರಿಸೋಣ.